ಓಡುವ ಗಾಡಿ ಯಾವುದಕ್ಕೆ ಸಾಕ್ಷಿ?

1998ರ ನಡುವಿನಿಂದ 2002ರ ವರೆಗೆ ಅಮೆರಿಕದ ರಸ್ತೆಗಿಳಿದ ಡಾಡ್ಜ್ ರ‍್ಯಾಮ್ ಡೀಸೆಲ್ ಪಿಕಪ್‌ಗಳಲ್ಲಿ ಎಂಜಿನ್ನಿನ ಎಡ ಮಗ್ಗುಲಿಗೆ ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಇರುತ್ತದೆ. ಅದಕ್ಕೆ ಲಿಫ್ಟ್ ಪಂಪ್ ಎನ್ನುತ್ತಾರೆ. ಹಿಂದಿರುವ ಟ್ಯಾಂಕಿನಿಂದ ಡೀಸೆಲ್ ಎಳೆದು, ಫಿಲ್ಟರ್ ದಾಟಿಸಿ, ಮುಂದಿನ ದೊಡ್ಡ ಇಂಜೆಕ್ಷನ್ ಪಂಪಿಗೆ ಕೊಡುವುದಷ್ಟೇ ಅದರ ಕೆಲಸ. ಇದು ಸತ್ತರೆ ಗಾಡಿ ನಿಂತುಬಿಡುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನಿಲ್ಲುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಹೆದ್ದಾರಿಯಲ್ಲಿ ಓಡುತ್ತದೆ, ಹಿಂದೆ ಸಿಕ್ಕಿಸಿದ ಟ್ರೇಲರನ್ನೂ ಎಳೆಯುತ್ತದೆ. ಇಂಜೆಕ್ಷನ್ ಪಂಪಿನ ಹೊಟ್ಟೆಯೊಳಗೇ ಎಣ್ಣೆ ಎಳೆದುಕೊಳ್ಳುವ ಪುಟ್ಟ ವ್ಯವಸ್ಥೆಯೊಂದಿದೆ. ಕೊಡುವ ಪಂಪ್ ಸತ್ತರೂ ಅದು ತಾನೇ ಹೀರಿಕೊಂಡು ದಿನ ದೂಡುತ್ತದೆ. ಹಾಗೆ ದೂಡುತ್ತಲೇ ಒಳಗೊಳಗೆ ಸವೆದು, ಒಂದು ದಿನ ಮಾಲೀಕನ ಕೈಗೆ ಸಾವಿರ ಡಾಲರಿಗೂ ಮೀರಿದ ಬಿಲ್ ಕೊಡಿಸುತ್ತದೆ.

ಆ ದಿನದವರೆಗೆ ಮಾಲೀಕ ನಂಬಿಕೊಂಡಿದ್ದ ತರ್ಕ ಒಂದೇ: ಗಾಡಿ ಓಡುತ್ತಿದೆ, ಆದ್ದರಿಂದ ಎಲ್ಲ ಸರಿಯಿದೆ.

ಈ 'ಆದ್ದರಿಂದ' ಎಲ್ಲಿ ತಪ್ಪಿತು ಎಂಬುದು ಗ್ಯಾರೇಜಿನ ಪ್ರಶ್ನೆ ಮಾತ್ರವಲ್ಲ. ಕಣ್ಣಿಗೆ ಕಾಣುವ ಕಾರ್ಯವನ್ನು ಹಿಡಿದು ಕಾಣದ ಕಾರಣವನ್ನು ತಿಳಿಯಲು ಸಾಧ್ಯವೇ, ತಿಳಿದದ್ದನ್ನು ಎಷ್ಟು ನಂಬಬೇಕು ಎಂಬ ವಿಷಯದಲ್ಲಿ ಭಾರತದ ದಾರ್ಶನಿಕರು ಸಾವಿರ ವರ್ಷಕ್ಕೂ ಮಿಗಿಲಾಗಿ ಜಗಳವಾಡಿದ್ದಾರೆ. ಜಗಳ ದೊಡ್ಡದಾಗಲು ಕಾರಣವೂ ಇತ್ತು. ಜಗತ್ತು ಒಂದು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು, ಆದ್ದರಿಂದ ಈಶ್ವರನಿದ್ದಾನೆ ಎಂದು ಮಿಥಿಲೆಯ ಉದಯನ ಸುಮಾರು ಸಾವಿರ ವರ್ಷಗಳ ಹಿಂದೆ 'ನ್ಯಾಯಕುಸುಮಾಂಜಲಿ'ಯಲ್ಲಿ ವಾದಿಸಿದ್ದು ಇದೇ ಜಾಡಿನಲ್ಲಿ. ಜೈನರು, ಬೌದ್ಧರು ಆ ವಾದವನ್ನು ಒಡೆಯಲು ನೋಡಿದ್ದೂ ಇದೇ ಜಾಡಿನಲ್ಲಿ. ಕಾಣದ ಕಾರಣವನ್ನು ಸಾಧಿಸುವ ದಾರಿಯಲ್ಲೇ ದೋಷವಿದ್ದರೆ ದೇವರ ಅಸ್ತಿತ್ವಕ್ಕೂ ಪಂಪಿನ ಆರೋಗ್ಯಕ್ಕೂ ಒಂದೇ ಗತಿ.

ಮೊದಲು ಪಂಪಿನ ಲೆಕ್ಕ ಮುಗಿಸಬೇಕು. ಈ ಗಾಡಿಯ ಎಂಜಿನ್ ಕಮಿನ್ಸ್ ಕಂಪನಿಯದು: 5.9 ಲೀಟರ್, ಆರು ಸಿಲಿಂಡರ್, 24 ವಾಲ್ವ್. ಇದರ ಹಿಂದಿನ ಮಾದರಿಯಲ್ಲಿದ್ದ ಇಂಜೆಕ್ಷನ್ ಪಂಪಿಗೆ ಎಂಜಿನ್ ಆಯಿಲ್ಲೇ ಜಾರು ಒದಗಿಸುತ್ತಿತ್ತು. 1998ರಲ್ಲಿ ಬಂದ ಬಾಷ್ ಕಂಪನಿಯ ವಿಪಿ44 ರೋಟರಿ ಪಂಪ್ ಹಾಗಲ್ಲ. ಅದರ ಒಳಗಿನ ತಿರುಗುವ ಭಾಗಗಳಿಗೆ ಜಾರು ಕೊಡುವುದೂ ಡೀಸೆಲ್, ಅವನ್ನು ತಂಪಾಗಿಡುವುದೂ ಡೀಸೆಲ್. ಪಂಪಿನ ನೆತ್ತಿಯ ಮೇಲೆ ಕೂತ ಪುಟ್ಟ ಕಂಪ್ಯೂಟರಿನ ಬಿಸಿ ಇಳಿಸುವುದೂ ಅದೇ. ಲಿಫ್ಟ್ ಪಂಪ್ ಕಳಿಸುವ ಡೀಸೆಲ್ಲಿನ ಹೆಚ್ಚಿನ ಪಾಲು ಸುಡುವುದೇ ಇಲ್ಲ. ಒಳಗೆ ಒಂದು ಸುತ್ತು ಹೊಡೆದು, ಬಿಸಿ ಹೊತ್ತುಕೊಂಡು ಟ್ಯಾಂಕಿಗೆ ಮರಳುತ್ತದೆ. ಮರಳುವ ದಾರಿಯಲ್ಲಿರುವ ವಾಲ್ವ್ ತೆರೆದುಕೊಳ್ಳುವುದು ಸುಮಾರು 14 ಪಿಎಸ್‌ಐ ಒತ್ತಡಕ್ಕೆ. ಕಾರಿನ ಟೈರಿನಲ್ಲಿ ಇರುವ ಗಾಳಿಯ ಒತ್ತಡದ ಅರ್ಧದಷ್ಟೂ ಆಗುವುದಿಲ್ಲ ಅದು. ಒತ್ತಡ ಅದಕ್ಕಿಂತ ಕೆಳಗಿಳಿದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ತಂಪು ಮಾಡುವ ಹರಿವು ಬತ್ತುತ್ತದೆ. ಸಿಲಿಂಡರಿಗೆ ಬೇಕಾದ ಡೀಸೆಲ್ ಮಾತ್ರ ಹೇಗೋ ಸಿಗುತ್ತಲೇ ಇರುತ್ತದೆ. ಉರಿಯಲು ಬೇಕಾದ ಎಣ್ಣೆ ಉಂಟು, ಪಂಪ್ ಬದುಕಲು ಬೇಕಾದ ಎಣ್ಣೆ ಇಲ್ಲ.

ತರ್ಕಶಾಸ್ತ್ರ ಓದಿದವರಿಗೆ ಹೊಗೆ ಮತ್ತು ಬೆಂಕಿಯ ಉದಾಹರಣೆ ಕೇಳಿ ಕೇಳಿ ಸಾಕಾಗಿರುತ್ತದೆ. ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಅದರ ಜೊತೆಗೇ ಗುರುಗಳು ಹೇಳಿಕೊಡುವ ಎರಡನೆಯ ಪಾಠಕ್ಕೆ ಅಷ್ಟು ಪ್ರಚಾರವಿಲ್ಲ. ಇದನ್ನು ತಿರುಗಿಸಿ, ಬೆಂಕಿಯಿದೆ ಆದ್ದರಿಂದ ಹೊಗೆಯಿದೆ ಎಂದರೆ ತಪ್ಪಾಗುತ್ತದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಲು ಬೆಂಕಿಯ ಜೊತೆ ಹಸಿ ಸೌದೆಯೂ ಬೇಕು. ಹೀಗೆ ಮಾತಿನಲ್ಲಿ ಹೇಳದೆ ಒಳಗೇ ಅಡಗಿ ಕೂತ ಷರತ್ತಿಗೆ ನ್ಯಾಯದರ್ಶನದವರಾದ ನೈಯಾಯಿಕರು ಉಪಾಧಿ ಎಂದು ಹೆಸರಿಟ್ಟರು. ರ‍್ಯಾಮ್ ಪಿಕಪ್‌ನ ಮಾಲೀಕ ಮಾಡಿದ್ದೂ ಇಂಥದೇ ತಿರುವು. ಒತ್ತಡ ಸರಿಯಿದ್ದರೆ ಗಾಡಿ ಓಡುತ್ತದೆ ಎಂಬುದನ್ನು ಒಪ್ಪಬಹುದು. ಗಾಡಿ ಓಡುತ್ತಿದ್ದರೆ ಒತ್ತಡ ಸರಿಯಿದೆ ಎಂಬುದು ಬೇರೆಯೇ ವಾಕ್ಯ. ಲಿಫ್ಟ್ ಪಂಪ್ ಸತ್ತೂ ಓಡುವ ಗಾಡಿಯೇ ಇಲ್ಲಿ ಕಾದ ಕಬ್ಬಿಣದ ಗುಂಡು.

ಮಾಲೀಕನ ಪರವಾಗಿ ಒಂದು ಮಾತು ಹೇಳಬೇಕು. ಅವನ ಕಣ್ಣೆದುರಿನ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡಕ್ಕೆ ಒಂದು ಮುಳ್ಳು, ಎಂಜಿನ್ ಬಿಸಿಗೆ ಒಂದು, ಬ್ಯಾಟರಿಗೆ ಒಂದು, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದೆ ಎನ್ನಲು ಇನ್ನೊಂದು. ಡೀಸೆಲ್ ಒತ್ತಡಕ್ಕೆ ಯಾವ ಮುಳ್ಳೂ ಇಲ್ಲ. ಎಲ್ಲ ಮುಳ್ಳುಗಳೂ ತಮ್ಮ ತಮ್ಮ ಜಾಗದಲ್ಲಿರುವಾಗ, ಎಚ್ಚರಿಕೆಯ ದೀಪವೊಂದೂ ಉರಿಯದಿರುವಾಗ ಏನೋ ಕೆಟ್ಟಿದೆ ಎಂದು ಯಾಕಾದರೂ ಅನ್ನಿಸೀತು? ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರು ಈ ಜಾಗದಲ್ಲಿ ಬಹಳ ಎಚ್ಚರದಿಂದ ಹೆಜ್ಜೆಯಿಟ್ಟವರು. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು ಒಂದು ಸ್ವತಂತ್ರ ಪ್ರಮಾಣ, ಎಂದರೆ ಅರಿವಿನ ದಾರಿ, ಅದೇ ಅನುಪಲಬ್ಧಿ ಎಂದರು ಅವರು. ಹಾಗೆಂದು ಎಲ್ಲ ಕಾಣದಿರುವಿಕೆಗೂ ಆ ಯೋಗ್ಯತೆ ಕೊಡಲಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಕಡೆ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ದೀಪ ಹಚ್ಚಿದ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ; ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಒತ್ತಡ ತೋರಿಸುವ ಮುಳ್ಳೇ ಇಲ್ಲದ ಡ್ಯಾಶ್‌ಬೋರ್ಡ್, ಒತ್ತಡದ ಮಟ್ಟಿಗೆ ಕತ್ತಲ ಕೋಣೆ.

ಇಂಜೆಕ್ಷನ್ ಪಂಪ್ ಪೂರ್ತಿ ಕೈಕೊಡುವ ಹೊತ್ತಿಗೆ ಕೆಲವೊಮ್ಮೆ ಎಚ್ಚರಿಕೆಯ ದೀಪ ಉರಿಯುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0216 ಎಂಬ ಕೋಡ್ ಸಿಗುತ್ತದೆ. ಇಂಜೆಕ್ಷನ್ ಟೈಮಿಂಗ್ ಹಿಡಿತ ತಪ್ಪಿದೆ ಎಂದು ಅದರ ಅರ್ಥ. ಲಿಫ್ಟ್ ಪಂಪ್ ಸತ್ತು ಎಷ್ಟು ಕಾಲವಾಯಿತು ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಲಿಫ್ಟ್ ಪಂಪ್ ಎಂಬುದೊಂದು ಇದೆಯೆಂದೂ ಹೇಳುವುದಿಲ್ಲ.

ಆದ್ದರಿಂದ ತಿಳಿದವರು ಮೊದಲು ಮಾಡುವ ಕೆಲಸ ಒಂದು ಗೇಜ್ ಹಾಕುವುದು. ಇಂಜೆಕ್ಷನ್ ಪಂಪಿಗೆ ಹೋಗುವ ಲೈನಿನಲ್ಲಿ ಟಿ ಆಕಾರದ ಒಂದು ಜೋಡಣೆ ಕೂರಿಸಿ, ಅಲ್ಲಿಂದ ಗೇಜಿಗೆ ಕೊಳವೆ ಎಳೆಯುತ್ತಾರೆ. ಎಂಜಿನ್ ಐಡಲ್‌ನಲ್ಲಿರುವಾಗ 10 ಪಿಎಸ್‌ಐಗಿಂತ ಕೆಳಗಿದ್ದರೆ ತೊಂದರೆ ಖಚಿತ ಎಂಬುದು ಈ ಗಾಡಿ ಇಟ್ಟುಕೊಂಡವರಲ್ಲಿ ಚಾಲ್ತಿಯಲ್ಲಿರುವ ಲೆಕ್ಕ. ಐಡಲ್‌ನಲ್ಲಿ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಆಗ ಎಂಜಿನ್ ಕುಡಿಯುವುದು ತೀರಾ ಕಡಿಮೆ. ದುರ್ಬಲ ಪಂಪ್ ಕೂಡ ಒಳ್ಳೆಯ ಅಂಕಿ ತೋರಿಸೀತು. ಟ್ರೇಲರ್ ಕಟ್ಟಿ ಏರುದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಳ್ಳು ಎಲ್ಲಿಗೆ ಬೀಳುತ್ತದೆ ಎಂಬುದರಲ್ಲಿ ನಿಜ ಹೊರಬೀಳುತ್ತದೆ.

ಗೇಜು ಬಂತು. ಅದನ್ನು ನಂಬುವುದು ಹೇಗೆ? ಇದು ಕುಹಕದ ಪ್ರಶ್ನೆಯಲ್ಲ. ಪಂಪಿನ ಒತ್ತಡ ಒಂದೇ ಸಮನಾಗಿರುವುದಿಲ್ಲ, ಪ್ರತಿ ಕ್ಷಣವೂ ಬಡಿಯುತ್ತಿರುತ್ತದೆ. ಆ ಬಡಿತಕ್ಕೆ ಗೇಜಿನ ಸೆಂಡರುಗಳು, ಎಂದರೆ ಒತ್ತಡ ಗ್ರಹಿಸುವ ಭಾಗಗಳು, ಬೇಗ ಕೆಡುತ್ತವೆ. ಕೊಳವೆಯ ನಡುವೆ ಸೂಜಿ ವಾಲ್ವ್ ಹಾಕಿ ಬಡಿತವನ್ನು ತಗ್ಗಿಸುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಹಾಗಿದ್ದ ಮೇಲೆ ಮುಳ್ಳು ಸೊನ್ನೆ ತೋರಿಸಿದರೆ ಸತ್ತದ್ದು ಪಂಪೋ ಸೆಂಡರೋ? ಇನ್ನೊಂದು ಗೇಜ್ ತಂದು ನೋಡಬಹುದು. ಆ ಗೇಜಿಗೆ ಸಾಕ್ಷಿ ಯಾರು?

ನ್ಯಾಯ ಮತ್ತು ಮೀಮಾಂಸೆಗಳ ನಡುವಿನ ಬಹು ದೊಡ್ಡ ಜಗಳಗಳಲ್ಲಿ ಇದೂ ಒಂದು. ಜ್ಞಾನ ಹುಟ್ಟುವಾಗಲೇ ತನ್ನ ಸತ್ಯತೆಯನ್ನು ಹೊತ್ತು ಬರುತ್ತದೆ, ಸುಳ್ಳೆಂದು ತೋರಿಸುವುದು ಎದುರಾಳಿಯ ಹೊಣೆ ಎಂದರು ಮೀಮಾಂಸಕರು. ಹಾಗಲ್ಲ, ಬೇರೆ ಯಾವುದಾದರೂ ಬಂದು ಅದನ್ನು ಖಚಿತಪಡಿಸಬೇಕು ಎಂದರು ನೈಯಾಯಿಕರು. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದಾಗ ಬಾಯಾರಿಕೆ ತೀರಿದರೆ ಕಂಡದ್ದು ನಿಜ. ಬಾಯಾರಿಕೆ ತೀರಿತೆಂಬ ಅರಿವನ್ನು ಖಚಿತಪಡಿಸುವುದು ಯಾವುದು ಎಂದು ಎದುರಾಳಿ ಕೇಳಿದರೆ ಮತ್ತೊಂದು, ಅದಕ್ಕೆ ಇನ್ನೊಂದು. ಗೇಜಿನ ಹಿಂದೆ ಗೇಜು ಸಾಲುಗಟ್ಟುತ್ತದೆ.

ಕರ್ನಾಟಕದವರೇ ಒಬ್ಬರು ಈ ಜಗಳದ ನಡುವಿಗೆ ಬಂದು ನಿಂತರು. ಬನ್ನೂರಿನಲ್ಲಿ ಹುಟ್ಟಿ, ವಿಜಯನಗರದ ರಾಜಗುರುವಾಗಿ ಬಾಳಿ, ಆನೆಗೊಂದಿಯ ನವವೃಂದಾವನದಲ್ಲಿ ವೃಂದಾವನಸ್ಥರಾದ ವ್ಯಾಸರಾಯರನ್ನು ಕನ್ನಡಿಗರು ಹೆಚ್ಚಾಗಿ ಬಲ್ಲುದು ದೇವರನಾಮಗಳಿಂದ, ಪುರಂದರದಾಸರ ಗುರುಗಳೆಂದು. ಅವರ 'ತರ್ಕತಾಂಡವ' ಓದಿದವರು ಬೆರಳೆಣಿಕೆಯಷ್ಟು. ಮಿಥಿಲೆಯ ಗಂಗೇಶೋಪಾಧ್ಯಾಯರ 'ತತ್ತ್ವಚಿಂತಾಮಣಿ'ಯನ್ನು ಅದರದೇ ನೆಲದಲ್ಲಿ ಎದುರಿಸಿದ ಗ್ರಂಥ ಅದು. ಪ್ರಾಮಾಣ್ಯದ ಈ ಪ್ರಶ್ನೆಗೆ ಅದರಲ್ಲಿ ದೊಡ್ಡ ಜಾಗವಿದೆ. ಮಧ್ವಮತದ ನಿಲುವು ಸ್ಥೂಲವಾಗಿ ಹೀಗೆ: ಅರಿವನ್ನೂ ಅದರ ಸತ್ಯತೆಯನ್ನೂ ಹಿಡಿಯುವುದು ಒಳಗಿರುವ ಸಾಕ್ಷಿ. ಸಂಶಯ ನಿಜವಾಗಿ ಎದ್ದ ಕಡೆ ಪರೀಕ್ಷೆ ಮಾಡಬೇಕು. ಎದ್ದಿರದ ಕಡೆ ಬಲವಂತವಾಗಿ ಎಬ್ಬಿಸಬೇಕಾಗಿಲ್ಲ. ಪರೀಕ್ಷೆ ಕೊನೆಯಿಲ್ಲದೆ ಓಡುವುದೂ ಇಲ್ಲ, ಸಾಕ್ಷಿಗೆ ಮುಟ್ಟಿದಲ್ಲಿ ನಿಲ್ಲುತ್ತದೆ.

ಗ್ಯಾರೇಜಿನ ನಡವಳಿಕೆ ಈ ಮಾತಿಗೆ ಬಹಳ ಹತ್ತಿರದಲ್ಲಿದೆ ಎನ್ನಬೇಕು. ಎಂಜಿನ್ ಆರಿಸಿ ಲೈನಿನ ಒತ್ತಡ ಬಿಟ್ಟ ಮೇಲೂ ಮುಳ್ಳು 4ರಲ್ಲಿ ನಿಂತಿದ್ದರೆ ಗೇಜಿನ ಮೇಲೆ ಸಂಶಯಕ್ಕೆ ಕಾರಣ ಸಿಕ್ಕಿತು. ಇನ್ನೊಂದು ಜಾತಿಯ ಗೇಜ್ ತಂದು ಹಾಕಿ ನೋಡುತ್ತಾರೆ. ಎರಡೂ ಒಂದೇ ಮಾತು ಹೇಳಿದರೆ ಮೂರನೆಯದನ್ನು ತರುವವನಿಲ್ಲ. ಒಳಗಿನ ಸಾಕ್ಷಿಯ ತತ್ತ್ವ ಒಪ್ಪದವನೂ ಎರಡನೆಯ ಗೇಜಿಗೆ ನಿಲ್ಲುತ್ತಾನೆ. ಅವನು ನಿಂತದ್ದು ಸಾಕ್ಷಿಯಿಂದಲೋ ಸುಸ್ತಿನಿಂದಲೋ ಎಂದು ನೈಯಾಯಿಕ ಕೇಳಿದರೆ, ಅದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ಗೇಜ್ ನಿಜ ಹೇಳುತ್ತಿದೆ ಎಂದಿಟ್ಟುಕೊಳ್ಳೋಣ. ಒತ್ತಡ 5ಕ್ಕೆ ಇಳಿದಿದೆ. ಈಗ ತೊಡಕು ಶುರು. ಫಿಲ್ಟರ್ ಕಟ್ಟಿಕೊಂಡಿದ್ದರೂ ಒತ್ತಡ ಇಳಿಯುತ್ತದೆ. ಟ್ಯಾಂಕಿನೊಳಗಿನ ಜಾಲರಿಗೆ ಕಸ ಹಿಡಿದಿದ್ದರೂ ಇಳಿಯುತ್ತದೆ. ಚಳಿಗಾಲದಲ್ಲಿ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾದರೂ, ವೈರಿನ ಕನೆಕ್ಟರ್ ತುಕ್ಕು ಹಿಡಿದು ಪಂಪಿಗೆ ಕರೆಂಟ್ ಸಾಲದಿದ್ದರೂ, ಲೈನಿನ ಬ್ಯಾಂಜೊ ಬೋಲ್ಟುಗಳ ಸಣ್ಣ ತೂತು ಹರಿವನ್ನು ಹಿಡಿದಿಟ್ಟರೂ ಇಳಿಯುತ್ತದೆ. ಪಂಪೇ ಸವೆದಿದ್ದರಂತೂ ಸರಿಯೇ.

ಇವೆಲ್ಲಕ್ಕಿಂತ ಮೋಸಗಾರ ಕಾರಣವೆಂದರೆ ಟ್ಯಾಂಕಿಗೂ ಪಂಪಿಗೂ ನಡುವೆ ಹೋಸಿನಲ್ಲಿ ಬಿದ್ದ ಸೂಕ್ಷ್ಮ ಬಿರುಕು. ಆ ಭಾಗದಲ್ಲಿ ಪಂಪ್ ಎಳೆಯುತ್ತಿರುತ್ತದೆ, ತಳ್ಳುತ್ತಿರುವುದಿಲ್ಲ. ಹಾಗಾಗಿ ಬಿರುಕಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿಯೇ ಇರುತ್ತದೆ. ಕರ್ನಾಟಕದ ಲಾರಿ, ಪಿಕಪ್ ಮೆಕ್ಯಾನಿಕ್‌ಗಳಿಗೆ ಈ ರೋಗ ಚೆನ್ನಾಗಿ ಗೊತ್ತು. "ಏರ್ ಹಿಡಿದಿದೆ" ಎನ್ನುತ್ತಾರೆ. ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತಿ ಒತ್ತಿ, ಗುಳ್ಳೆ ಬರುವುದು ನಿಲ್ಲುವವರೆಗೆ ಗಾಳಿ ತೆಗೆದು ಗಾಡಿ ಕಳಿಸುತ್ತಾರೆ. ಗಾಳಿ ಹೊಕ್ಕ ದಾರಿ ಹುಡುಕದಿದ್ದರೆ ಗಾಡಿ ಮತ್ತೆ ಅದೇ ಬಾಗಿಲಿಗೆ ಬರುತ್ತದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೊ, ವಿಪಿ44 ತಯಾರಿಸಿದ ಬಾಷ್‌ನದೇ ಭಾರತದ ಕಂಪನಿ. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಆಯಿತು. ಡೀಸೆಲ್ ಪಂಪು, ನಾಜಲ್ಲುಗಳ ರಿಪೇರಿಯನ್ನೇ ಕಸುಬು ಮಾಡಿಕೊಂಡ ಒಂದು ತಲೆಮಾರು ಆ ಹೆಸರಿನ ನೆರಳಲ್ಲೇ ಬೆಳೆಯಿತು.

ಕಾರ್ಯ ಒಂದೇ, ಕಾರಣ ಹಲವು. ಹಾಗಾದರೆ ಕಾರ್ಯದಿಂದ ಕಾರಣಕ್ಕೆ ಹೋಗುವ ದಾರಿಯೇ ಇಲ್ಲವೇ? ಗೌತಮನ 'ನ್ಯಾಯಸೂತ್ರ' ಈ ಆಕ್ಷೇಪವನ್ನು ತಾನೇ ಎತ್ತಿಕೊಂಡು ಬಿಡಿಸುತ್ತದೆ. ಅದರ ಉದಾಹರಣೆಗಳ ಹತ್ತಿರಕ್ಕೆ ಬರುವಂಥವು ಸಿಗುವುದು ಕಷ್ಟ. ನದಿ ತುಂಬಿ ಬಂದರೆ ಮೇಲೆ ಮಳೆಯಾಗಿದೆ ಎನ್ನುತ್ತೀರಿ. ಎಲ್ಲೋ ಅಡ್ಡಕಟ್ಟಿದ್ದರೂ ನೀರು ಏರುತ್ತದೆ. ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆ ಎನ್ನುತ್ತೀರಿ. ಗೂಡು ಯಾರೋ ಕೆಡಿಸಿದರೂ ಅವು ಹೊರಡುತ್ತವೆ. ನವಿಲಿನ ಕೂಗು ಕೇಳಿ ನವಿಲಿದೆ ಎನ್ನುತ್ತೀರಿ. ಮನುಷ್ಯನೊಬ್ಬ ಹಾಗೆ ಕೂಗಿದ್ದಿರಬಹುದು. ಆದ್ದರಿಂದ ಅನುಮಾನ ಎಂಬ ಪ್ರಮಾಣವೇ ಸುಳ್ಳು ಎಂಬುದು ಆಕ್ಷೇಪ. ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರದಲ್ಲಿ ಸಿದ್ಧಾಂತಕ್ಕಿಂತ ನದಿಯ ದಂಡೆಯಲ್ಲಿ ನಿಂತು ನೋಡಿದ ಕಣ್ಣು ಹೆಚ್ಚು ಕಾಣುತ್ತದೆ. ಮಳೆಯಿಂದ ತುಂಬಿದ ನದಿ ಬರೀ ತುಂಬಿರುವುದಿಲ್ಲ. ಅದರ ಓಟ ಜೋರಾಗಿರುತ್ತದೆ, ನೊರೆಯಿರುತ್ತದೆ, ಹಣ್ಣು, ಎಲೆ, ಕಟ್ಟಿಗೆ ತೇಲಿಬರುತ್ತವೆ. ಅಡ್ಡಕಟ್ಟಿದ ನೀರಿನಲ್ಲಿ ಇವು ಇಲ್ಲ. ತಪ್ಪಿದ್ದು ಅನುಮಾನವಲ್ಲ, ಗುರುತನ್ನು ಅರ್ಧಂಬರ್ಧ ನೋಡಿದವನು.

5 ಪಿಎಸ್‌ಐ ಎಂಬುದು 'ನದಿ ತುಂಬಿದೆ' ಎಂಬಷ್ಟೇ ಮಾತು. ಫಿಲ್ಟರಿಗೆ ಮೊದಲು ಒಮ್ಮೆ, ಫಿಲ್ಟರ್ ದಾಟಿದ ಮೇಲೆ ಒಮ್ಮೆ ಅಳೆದು ನೋಡಿದರೆ ನೊರೆಯೂ ಕಟ್ಟಿಗೆಯೂ ಕಾಣಲು ಶುರುವಾಗುತ್ತವೆ. ಮೊದಲು 14, ಆಮೇಲೆ 5 ಇದ್ದರೆ ನುಂಗುತ್ತಿರುವುದು ಫಿಲ್ಟರ್. ಎರಡೂ ಕಡೆ 5 ಇದ್ದರೆ ತೊಂದರೆ ಪಂಪಿನಲ್ಲಿ ಅಥವಾ ಅದರ ಹಿಂದೆ. ಪಂಪಿಗೆ ಬರುವ ಕಡೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆಗಳು ಬರಿಗಣ್ಣಿಗೇ ಕಾಣುತ್ತವೆ. ಒತ್ತಡ ಇಳಿಯುವುದು ಏರುದಾರಿಯಲ್ಲಿ ಮಾತ್ರವೋ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಮಾತ್ರವೋ, ತಣ್ಣಗಿನ ಬೆಳಗಿನಲ್ಲಿ ಮಾತ್ರವೋ ಎಂದು ಡ್ರೈವರನ್ನು ಕೇಳುವ ಮೆಕ್ಯಾನಿಕ್ ವಾತ್ಸ್ಯಾಯನನ ಹೆಸರು ಕೇಳಿರಬೇಕಾಗಿಲ್ಲ.

ಕೇಳದೆಯೇ ಪಂಪ್ ಬಿಚ್ಚುವವರೂ ಇದ್ದಾರೆ, ಅವರೇ ಹೆಚ್ಚು. ಅವರದೂ ಒಂದು ತರ್ಕವೇ. ಈ ಮಾಡೆಲ್ಲಿನ ಗಾಡಿಗಳ ಲಿಫ್ಟ್ ಪಂಪ್ ಕೆಡುವುದು ಪ್ರಸಿದ್ಧ. ಎಂಜಿನ್ನಿಗೆ ಅಂಟಿಕೊಂಡು ಅದರ ಬಿಸಿ, ನಡುಕ ಎರಡನ್ನೂ ತಿನ್ನುವ, ದೂರದ ಟ್ಯಾಂಕಿನಿಂದ ಎಳೆಯಬೇಕಾದ ಆ ಪಂಪಿಗೆ ಆಯುಸ್ಸು ಕಡಿಮೆ. ಮುಂದೆ ಡಾಡ್ಜ್ ಕೂಡ ಪಂಪನ್ನು ಟ್ಯಾಂಕಿನೊಳಗೇ ಇಡುವ ದಾರಿ ಹಿಡಿಯಿತು. ಆದ್ದರಿಂದ ಈ ಗಾಡಿಯಲ್ಲೂ ಕೆಟ್ಟದ್ದು ಪಂಪೇ. ಹೊಸ ಪಂಪ್ ಬರುತ್ತದೆ, ದುಡ್ಡು ಹೋಗುತ್ತದೆ. ಟ್ಯಾಂಕಿನ ಜಾಲರಿಯಲ್ಲಿ ಕಸ ಇದ್ದಲ್ಲೇ ಇರುತ್ತದೆ, ಮುಳ್ಳು 5ರಲ್ಲೇ ನಿಂತಿರುತ್ತದೆ.

ಇದು ಮೈತ್ರಿಯ ಮಗನ ಕಥೆ. ಸರಿಯಾದ ಹೇತುವಿಗೆ, ಎಂದರೆ ಅನುಮಾನಕ್ಕೆ ಆಧಾರವಾದ ಗುರುತಿಗೆ, ಮೂರು ಲಕ್ಷಣವಿರಬೇಕು ಎಂದು ಬೌದ್ಧ ತಾರ್ಕಿಕ ದಿಙ್ನಾಗ ಹೇಳಿದ್ದ: ಅದು ಚರ್ಚೆಯಲ್ಲಿರುವ ವಸ್ತುವಿನಲ್ಲಿರಬೇಕು, ಅದೇ ಬಗೆಯ ಬೇರೆ ಕಡೆಯೂ ಇರಬೇಕು, ವಿರುದ್ಧ ಬಗೆಯ ಕಡೆ ಇರಬಾರದು. ಎದುರಾಳಿಗಳು ಒಬ್ಬ ಬಸುರಿಯನ್ನು ಮುಂದೆ ತಂದರು. ಮೈತ್ರಿಗೆ ಹುಟ್ಟಿದ ಮಕ್ಕಳೆಲ್ಲ ಕಪ್ಪು. ಹುಟ್ಟಲಿರುವವನೂ ಮೈತ್ರಿಯ ಮಗ. ಆದ್ದರಿಂದ ಅವನೂ ಕಪ್ಪು. ಮೂರು ಲಕ್ಷಣವೂ ಅಚ್ಚುಕಟ್ಟಾಗಿ ಕೂಡಿಬಂದಿವೆ, ಆದರೂ ಮಗು ಬೆಳ್ಳಗೆ ಹುಟ್ಟಬಹುದು. ತಾಯಿ ತಿಂದ ಸೊಪ್ಪುಸದೆಯಿಂದ ಹಿಂದಿನ ಮಕ್ಕಳಿಗೆ ಆ ಬಣ್ಣ ಬಂತು, ಮೈತ್ರಿಯ ಮಕ್ಕಳೆಂಬುದರಿಂದಲ್ಲ ಎಂದು ನೈಯಾಯಿಕರು ಅದಕ್ಕೊಂದು ಉಪಾಧಿಯನ್ನೂ ಹುಡುಕಿದರು. ಇಂದಿನ ವೈದ್ಯರು ಆ ಸೊಪ್ಪಿನ ಮಾತಿಗೆ ನಗಬಹುದು. ತರ್ಕದ ಪಟ್ಟು ಮಾತ್ರ ಸಡಿಲವಾಗಿಲ್ಲ.

ಈ ಮೂರು ಲಕ್ಷಣದ ಕೋಟೆಗೆ ಕನ್ನ ಹಾಕಿದವರಲ್ಲಿ ಜೈನಾಚಾರ್ಯ ಪಾತ್ರಕೇಸರಿಯ ಹೆಸರು ದೊಡ್ಡದು. ಅವರ ಗ್ರಂಥದ ಹೆಸರೇ 'ತ್ರಿಲಕ್ಷಣಕದರ್ಥನ'. ಮೂರು ಬೇಡ, ಒಂದೇ ಸಾಕು ಎಂಬುದು ಅವರ ನಿಲುವು: ಸಾಧಿಸಬೇಕಾದದ್ದು ಇಲ್ಲದಿದ್ದರೆ ಹೇತು ಇರಲು ಸಾಧ್ಯವೇ ಇಲ್ಲ ಎಂಬಂತಿರಬೇಕು. ಅದೊಂದಿದ್ದರೆ ಉಳಿದ ಮೂರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿಯಿದೆ. ಈ ಖಂಡನೆಗೆ ಪದ್ಮಾವತಿ ದೇವಿಯೇ ಪಾತ್ರಕೇಸರಿಗೆ ನೆರವಾದಳೆಂದು ಅದು ಕೊಂಡಾಡುತ್ತದೆ. ಜೈನ ಕಥೆಗಳಲ್ಲಿ ಇದು ಇನ್ನೂ ಸೊಗಸಾಗಿದೆ: ಹೇತುವಿನ ಲಕ್ಷಣ ಹೊಳೆಯದೆ ಆಚಾರ್ಯರು ಕಂಗೆಟ್ಟಿದ್ದಾಗ ದೇವಿ ಪಾರ್ಶ್ವನಾಥನ ಮೂರ್ತಿಯ ಹೆಡೆಯ ಮೇಲೆ ಉತ್ತರ ಬರೆದಿಟ್ಟಳಂತೆ. ಭಕ್ತರು ದೇವರಲ್ಲಿ ಮಳೆ, ಮಕ್ಕಳು, ಮೋಕ್ಷ ಕೇಳಿದ ಕಥೆಗಳು ಸಾಕಷ್ಟಿವೆ. ತರ್ಕದ ಒಂದು ಲಕ್ಷಣ ಕೇಳಿದ ಕಥೆ ಅಪರೂಪ. ಗ್ರಂಥ ಮಾತ್ರ ಉಳಿದಿಲ್ಲ. ಅದರ ಪದ್ಯಗಳು ನಮಗೆ ಸಿಗುವುದು ಎದುರಾಳಿ ಬೌದ್ಧ ಶಾಂತರಕ್ಷಿತ ತನ್ನ 'ತತ್ತ್ವಸಂಗ್ರಹ'ದಲ್ಲಿ ಖಂಡಿಸಲೆಂದು ಎತ್ತಿಕೊಂಡಿದ್ದರಿಂದ.

ಪಾತ್ರಕೇಸರಿಯ ಅಳತೆಗೋಲು ಹಿಡಿದರೆ 'ಈ ಮಾಡೆಲ್ಲಿನ ಎಲ್ಲ ಗಾಡಿಗಳಲ್ಲೂ ಹಾಗೇ' ಎಂಬ ಮಾತು ಸಾಕ್ಷಿಯೇ ಅಲ್ಲ. ಪಂಪ್ ಕೆಟ್ಟಿರದೆ ಬೇರೆ ಯಾವ ರೀತಿಯಲ್ಲೂ ಹೀಗಾಗಲಾರದು ಎಂದು ತೋರಿಸಬೇಕು. ಅದಕ್ಕೆ ಗ್ಯಾರೇಜಿನಲ್ಲಿ ಒಂದು ಅಗ್ಗದ ಉಪಾಯವಿದೆ. ಟ್ಯಾಂಕಿನಿಂದ ಬರುವ ಲೈನ್ ಬಿಚ್ಚಿ, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ಒಂದು ಗಿಡ್ಡ ಹೋಸನ್ನು ನೇರ ಪಂಪಿಗೆ ಕೊಡುವುದು. ಟ್ಯಾಂಕ್, ಜಾಲರಿ, ಹಳೆಯ ಹೋಸ್ ಎಲ್ಲವೂ ಒಂದೇ ಏಟಿಗೆ ಪಕ್ಕಕ್ಕೆ ಸರಿದವು. ಒತ್ತಡ 14ಕ್ಕೆ ಏರಿದರೆ ಪಂಪ್ ನಿರ್ದೋಷಿ. ಫಿಲ್ಟರಿಗೆ ಮೊದಲೇ ಅಳೆದಾಗಲೂ ಏರದಿದ್ದರೆ, ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ಸರಿಯಾಗಿದೆಯೇ ಎಂದು ಮೀಟರ್ ಹಿಡಿದು ನೋಡಿದ ಮೇಲೆ ಪಂಪನ್ನು ಬಿಟ್ಟು ಬೇರೆ ಅಪರಾಧಿ ಉಳಿಯುವುದಿಲ್ಲ. ಇದ್ದಾಗ ಇದ್ದು, ತೆಗೆದಾಗ ಹೋಗುವುದನ್ನು ನೋಡಿ ಕಾರಣ ಹಿಡಿಯುವ ಈ ಬಗೆಯನ್ನು ಶಾಸ್ತ್ರ ಅನ್ವಯ, ವ್ಯತಿರೇಕ ಎನ್ನುತ್ತದೆ. ವ್ಯತಿರೇಕಕ್ಕೆ ಒಂದು ಕ್ಯಾನ್ ಡೀಸೆಲ್ ಸಾಕು.

ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕ ಇಷ್ಟಕ್ಕೂ ಒಪ್ಪುವವನಲ್ಲ. ವಿಜಯನಗರದ ಕಾಲದ 'ಸರ್ವದರ್ಶನಸಂಗ್ರಹ' ಅವನ ಮತದಿಂದಲೇ ಶುರುವಾಗುತ್ತದೆ. ಅದು ಅವನ ಬಾಯಲ್ಲಿ ಇಡುವ ವಾದ ಇದು: ಎಲ್ಲ ಕಾಲದ, ಎಲ್ಲ ದೇಶದ ಹೊಗೆಯನ್ನೂ ಬೆಂಕಿಯನ್ನೂ ನೋಡಿದವರಾರು? ನೋಡದ ಮೇಲೆ ಅವುಗಳ ನಂಟು ಎಂದೂ ತಪ್ಪದೆಂದು ಹೇಳುವುದು ಯಾವ ಧೈರ್ಯದಿಂದ? ಗ್ಯಾರೇಜಿನ ಭಾಷೆಯಲ್ಲಿ, ಕ್ಯಾನಿನ ಪರೀಕ್ಷೆ ಮಾಡುತ್ತಿದ್ದ ಗಳಿಗೆಯಲ್ಲೇ ಪಂಪ್ ತನ್ನಷ್ಟಕ್ಕೆ ಸುಧಾರಿಸಿಕೊಂಡಿರಬಾರದೇಕೆ? ಅದಕ್ಕೆ ಉದಯನ ಶ್ಲೋಕವೊಂದರಲ್ಲಿ ಕೊಟ್ಟ, ಮುಂದೆ ಗಂಗೇಶ ಉದಾಹರಣೆಯೊಡನೆ ಬಿಡಿಸಿ ಹೇಳಿದ ಉತ್ತರ ತರ್ಕದ ಒಳಗಿನಿಂದ ಬಂದದ್ದಲ್ಲ, ಸಂಶಯಪಡುವವನ ಅಡುಗೆಮನೆಯಿಂದ ಬಂದದ್ದು. ಹಸಿವಾದಾಗ ಅನ್ನಕ್ಕೆ ಕೈ ಹಾಕುತ್ತೀಯ, ಹೊಗೆ ಬೇಕಾದಾಗ ಬೆಂಕಿ ಹೊತ್ತಿಸುತ್ತೀಯ. ಹಾಗೆ ಮಾಡುತ್ತಲೇ ಅವುಗಳ ನಂಟನ್ನು ಸಂಶಯಿಸುತ್ತೇನೆ ಎಂದರೆ ನಿನ್ನ ನಡತೆಯೇ ನಿನ್ನ ಮಾತಿಗೆ ವಿರುದ್ಧ. ನಡತೆಯೊಂದಿಗೆ ಡಿಕ್ಕಿ ಹೊಡೆಯುವವರೆಗೆ ಮಾತ್ರ ಸಂಶಯಕ್ಕೆ ಅವಕಾಶ. ಉದಯನನ ನಂತರ ಬಂದ ಅದ್ವೈತಿ ಶ್ರೀಹರ್ಷ ಆ ಶ್ಲೋಕವನ್ನೇ ಅಷ್ಟಿಷ್ಟು ತಿರುಚಿ ಉದಯನನ ಮೇಲೆ ಎಸೆದ: ವಿರೋಧವಿದೆ ಎಂದಮೇಲೆ ಸಂಶಯವೂ ಇದೆ ಎಂದೇ ಆಯಿತಲ್ಲ, ಹಾಗಾದರೆ ವಿರೋಧವು ಸಂಶಯವನ್ನು ತಡೆಯುವುದು ಹೇಗೆ? ಗಂಗೇಶ ಅದಕ್ಕೆ ಮರುತ್ತರ ಕೊಟ್ಟ. ಉದಯನನ ಮಾತಿನಲ್ಲಿ ಒಂದು ತೂಕವಿದೆ. ಶ್ರೀಹರ್ಷನ ತಿರುಗೇಟಿನಲ್ಲಿ ಅದಕ್ಕಿಂತ ಹೆಚ್ಚು ಮಜವಿದೆ. ಹೇಗಿದ್ದರೂ ಹೊಸ ಪಂಪಿಗೆ ದುಡ್ಡು ತೆರಬೇಕಾದವನು ಉದಯನನ ಕಡೆಗೇ ನಿಲ್ಲುತ್ತಾನೆ.

ಲಿಫ್ಟ್ ಪಂಪ್ ಬದಲಾಯಿತು, ಮುಳ್ಳು 15ಕ್ಕೆ ಏರಿತು. ರಿಪೇರಿ ಮುಗಿದರೂ ಪ್ರಶ್ನೆ ಮುಗಿಯುವುದಿಲ್ಲ. ಒತ್ತಡವಿಲ್ಲದೆ ಓಡಿದ ಅಷ್ಟೂ ದಿನ ಇಂಜೆಕ್ಷನ್ ಪಂಪ್ ಒಳಗೆ ಏನು ಅನುಭವಿಸಿತ್ತೋ ಅದು ಅಲ್ಲೇ ಇದೆ. ಕೆಲವು ತಿಂಗಳ ನಂತರ, ಒತ್ತಡ ತುಂಬಾ ಚೆನ್ನಾಗಿರುವಾಗಲೇ, ಅದು ಸಾಯಬಹುದು. ಆಗ ಮಾಲೀಕ ಹೇಳುವುದು ಒಂದೇ ಮಾತು: ಹೊಸ ಲಿಫ್ಟ್ ಪಂಪ್ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು. ಅಥವಾ ಕೊನೆಯ ಸಲ ಡೀಸೆಲ್ ಹಾಕಿಸಿದ ಬಂಕಿನ ಮೇಲೆ ತಪ್ಪು ಹೊರಿಸುತ್ತಾನೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ನಂಟು ಕಟ್ಟುವ ಹಳೆಯ ಚಾಳಿ.

ಕಾರಣ ಮುಗಿದುಹೋಗಿ ಬಹುಕಾಲದ ಮೇಲೆ ಕಾರ್ಯ ಬರುವುದು ಹೇಗೆ ಎಂಬ ಪ್ರಶ್ನೆ ಮೀಮಾಂಸಕರನ್ನು ಕಾಡಿತ್ತು. ಯಾಗ ಕೆಲವು ದಿನದಲ್ಲಿ ಮುಗಿಯುತ್ತದೆ. ಸ್ವರ್ಗ ಸಿಗುವುದು ಸತ್ತ ಮೇಲೆ. ನಡುವೆ ಯಾಗವೂ ಇಲ್ಲ, ಸ್ವರ್ಗವೂ ಇಲ್ಲ. ವೇದ ಸುಳ್ಳಾಗಬಾರದೆಂದರೆ ಎರಡನ್ನೂ ಜೋಡಿಸುವ ಕಾಣದ ಶಕ್ತಿಯೊಂದನ್ನು ಒಪ್ಪಲೇಬೇಕು; ಅದಕ್ಕೆ ಅಪೂರ್ವ ಎಂದರು. ಕರ್ಮಕ್ಕೂ ಫಲಕ್ಕೂ ನಡುವೆ ಆತ್ಮದಲ್ಲಿ ಉಳಿಯುವ ಅದೃಷ್ಟವನ್ನು ನೈಯಾಯಿಕರು ಹೇಳಿದ್ದೂ ಇಂಥದೇ ಇಕ್ಕಟ್ಟಿನಿಂದ. ಈ ಕಾಣದ ಕೊಂಡಿಗಳನ್ನು ಒಪ್ಪುವುದು ಬಿಡುವುದು ಓದುವವರ ಶ್ರದ್ಧೆಗೆ ಬಿಟ್ಟದ್ದು. ಪಂಪಿನ ವಿಷಯದಲ್ಲಾದರೆ ಕೊಂಡಿ ಕಾಣದ್ದಲ್ಲ. ಒಣಗಿ ಉಜ್ಜಿದ ಗೀರು ರೋಟರಿನ ಮೇಲೆ ಇದೆ, ಬಿಸಿಗೆ ಬಳಲಿದ ಕಂಪ್ಯೂಟರ್ ನೆತ್ತಿಯ ಮೇಲಿದೆ; ಬಿಚ್ಚಿ ನೋಡಿದರೆ ಸಾಕು.

ಆದರೆ ಬಿಚ್ಚಿ ನೋಡುವವರು ಯಾರು? ಅಮೆರಿಕದಲ್ಲಿ ರಿಪೇರಿಯಾದ ವಿಪಿ44 ಕೊಳ್ಳುವಾಗ ಹಳೆಯ ಪಂಪಿನ ಲೆಕ್ಕಕ್ಕೆ ಒಂದಿಷ್ಟು ಮುಂಗಡ ಹಿಡಿದುಕೊಳ್ಳುತ್ತಾರೆ, ಹಳೆಯದನ್ನು ಮರಳಿಸಿದರೆ ದುಡ್ಡು ವಾಪಸ್. ಮಾಲೀಕ ಸತ್ತ ಪಂಪಿನ ಒಳಗಿರುವ ಡೀಸೆಲ್ ಬಸಿದು, ಹೊಸದು ಬಂದ ಅದೇ ಡಬ್ಬಿಯಲ್ಲಿ ಅದನ್ನಿಟ್ಟು, ಟೇಪ್ ಸುತ್ತಿ ಕಳಿಸಿಬಿಡುತ್ತಾನೆ. ಗೀರು ಯಾವುದೋ ಊರಿನ ವರ್ಕ್‌ಶಾಪಿನ ಬೆಂಚಿನ ಮೇಲೆ ಹತ್ತಾರು ಪಂಪುಗಳ ಗೀರುಗಳ ನಡುವೆ ಹೊರಬೀಳುತ್ತದೆ. ಅದನ್ನು ನೋಡುವ ಕೆಲಸಗಾರನಿಗೆ ಅದು ಯಾವ ಗಾಡಿಯದೆಂದು ಗೊತ್ತಿಲ್ಲ. ಗಾಡಿ ಗೊತ್ತಿರುವವನು ಅಷ್ಟು ಹೊತ್ತಿಗೆ ಬಂಕಿನವನ ಜೊತೆ ಜಗಳಕ್ಕೆ ನಿಂತಿರುತ್ತಾನೆ.